ಲೀಗ್ ಬರಲಿ, ಆದರೆ ಎಷ್ಟು ವರ್ಷಕ್ಕೆ?

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ, ಒಡೆಯರಪಾಳ್ಯದ ಮೇಲೆ ಹಾಸನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಆಟ ಎಂದರೆ ವಾಲಿಬಾಲ್, ಕಬಡ್ಡಿ, ಟೆನಿಸ್ ಚೆಂಡಿನ ಕ್ರಿಕೆಟ್. ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿಗೆ ಬಂದರೆ ಮಾತು ಬದಲಾಗುತ್ತದೆ. 1970ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಈ ಜನಕ್ಕೆ, ಬೈಲುಕುಪ್ಪೆ ಮತ್ತು ಮುಂಡಗೋಡದ ಅವರ ನೆಂಟರಿಗೆ ಹೇಗೋ ಹಾಗೆಯೇ, ಬಾಸ್ಕೆಟ್‌ಬಾಲ್ ಮೆಚ್ಚಿನ ಆಟ. ಎರಡೂ ಕಡೆಯ ಹುಡುಗರು ಬೆಳೆಯುವುದು ಒಂದೇ ಕಾಡಂಚಿನಲ್ಲಿ, ಹತ್ತುವುದು ಒಂದೇ ಬಸ್ಸನ್ನು. ಆದರೂ ಒಬ್ಬನಿಗೆ ಗೊತ್ತಿರುವ ಆಟ ಇನ್ನೊಬ್ಬನಿಗೆ ಗೊತ್ತಿಲ್ಲ. ಆಸಕ್ತಿಯ ಕೊರತೆ ಇದಕ್ಕೆ ಕಾರಣವಲ್ಲ. ವಾಲಿಬಾಲಿಗೆ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ಸಾಕು. ಕಬಡ್ಡಿಗೆ ಗೆರೆ ಎಳೆದರೆ ಸಾಕು. ಬಾಸ್ಕೆಟ್‌ಬಾಲಿಗೆ ಚೆಂಡು ಪುಟಿಯುವ ಗಟ್ಟಿ ನೆಲ ಬೇಕು, 28 ಮೀಟರ್ ಉದ್ದ, 15 ಮೀಟರ್ ಅಗಲ. ಅದರ ಎರಡು ತುದಿಗೆ 3.05 ಮೀಟರ್ ಎತ್ತರದಲ್ಲಿ ಅಲುಗಾಡದ ರಿಂಗ್ ಬೇಕು. ಯಾರಾದರೂ ಹಣ ಹಾಕಿ ಕಟ್ಟಿಸಿದಲ್ಲಿ ಮಾತ್ರ ಹುಟ್ಟುವ ಆಟ ಇದು.

ದೇಶಕ್ಕೊಂದು ವೃತ್ತಿಪರ ಪುರುಷರ ಬಾಸ್ಕೆಟ್‌ಬಾಲ್ ಲೀಗ್ ಬೇಕೇ ಎಂಬ ಚರ್ಚೆಯನ್ನು ನಾನು ಈ ರಸ್ತೆಯಿಂದ ನೋಡಲು ಬಯಸುತ್ತೇನೆ. ಬೆಂಗಳೂರಿನಿಂದ ನೋಡಿದರೆ ಉತ್ತರ ಬಲು ಸುಲಭ. ಅಲ್ಲಿ ಬೀಗಲ್ಸ್‌ನಂಥ ಹಳೆಯ ಕ್ಲಬ್ಬುಗಳಿವೆ, ಕಂಠೀರವ ಒಳಾಂಗಣ ಕ್ರೀಡಾಂಗಣವಿದೆ, ರಾತ್ರಿ ಕೂತು ಎನ್‌ಬಿಎ ನೋಡುವ ತರುಣರಿದ್ದಾರೆ. ಲೀಗ್ ಬಂದರೆ ಅವರಿಗೆ ಸಂತೋಷ. ಹನೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಲೊಕ್ಕನಹಳ್ಳಿಯ ಪ್ರೌಢಶಾಲೆಯಲ್ಲಿ ಹದಿನೈದಕ್ಕೇ ಆರಡಿ ಬೆಳೆದು ನಿಂತ ಹುಡುಗನಿಗೆ ಇದರಿಂದ ಏನು ಸಿಗುತ್ತದೆ, ಅವನು ಏನು ಕಳೆದುಕೊಳ್ಳಬೇಕಾಗಬಹುದು? ಅಲ್ಲಿ ತಕ್ಕಡಿ ಅಷ್ಟು ಸುಲಭವಾಗಿ ಒಂದು ಕಡೆಗೆ ವಾಲುವುದಿಲ್ಲ.

ಮೊದಲು ಇದುವರೆಗಿನ ಕಥೆ. ಭಾರತ ಬಾಸ್ಕೆಟ್‌ಬಾಲ್ ಫೆಡರೇಷನ್ 2010ರಲ್ಲಿ ಐಎಂಜಿ-ರಿಲಯನ್ಸ್ ಜೊತೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡಾಗ ಎಲ್ಲರ ಬಾಯಲ್ಲೂ ಇದ್ದದ್ದು ಲೀಗಿನ ಮಾತು. ವರ್ಷಗಳು ಉರುಳಿದವು, ಆ ಲೀಗ್ ಬರಲಿಲ್ಲ. 2015ರಲ್ಲಿ ಫೆಡರೇಷನ್ನೇ ಎರಡು ಬಣವಾಯಿತು. ಒಂದು ಬಣ ಬೆಂಗಳೂರಿನ ಕೆ. ಗೋವಿಂದರಾಜ್ ಅವರನ್ನು, ಇನ್ನೊಂದು ಪೂನಂ ಮಹಾಜನ್ ಅವರನ್ನು ಅಧ್ಯಕ್ಷರೆಂದು ಆರಿಸಿತು. ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಗೋವಿಂದರಾಜ್ ಬಣವನ್ನು ಮಾನ್ಯ ಮಾಡಿತು. ಅದೇ ವರ್ಷ ಖಾಸಗಿಯಾಗಿ ಶುರುವಾದ ಯುಬಿಎ ಲೀಗಿನಲ್ಲಿ ಎಂಟು ನಗರ, ರಾಜ್ಯಗಳ ಹೆಸರಿನ ತಂಡಗಳಿದ್ದವು. ನಮ್ಮದು ಬೆಂಗಳೂರು ಬೀಸ್ಟ್. ನಾಲ್ಕು ಆವೃತ್ತಿಗಳಾಗಿ 2017ಕ್ಕೆ ಅದು ನಿಂತಿತು. 2018ರಲ್ಲಿ ಮೂವರು ಆಡುವ 3ಬಿಎಲ್ ಬಂತು, ಅದರಲ್ಲಿ ಬೆಂಗಳೂರು ಮಚಾಸ್ ಇತ್ತು. 2022ರಲ್ಲಿ ಫೆಡರೇಷನ್ನಿನ ಬೆಂಬಲದೊಂದಿಗೇ ಐಎನ್‌ಬಿಎಲ್ ಆರಂಭವಾಯಿತು. ಆರು ತಂಡ, ನಮ್ಮದು ಬೆಂಗಳೂರು ಕಿಂಗ್ಸ್, ಮೊದಲ ಪ್ರಶಸ್ತಿ ಚೆನ್ನೈ ಹೀಟ್‌ಗೆ. 2025ರ ಆರಂಭದಲ್ಲಿ ಐಎನ್‌ಬಿಎಲ್ ಪ್ರೊ ಎಂಬ ಹೊಸ ರೂಪ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ನಡೆಯಿತು. ಅದರ ಆರು ತಂಡಗಳಲ್ಲಿ ಬೆಂಗಳೂರಿನ ಹೆಸರು ಇರಲಿಲ್ಲ. ಅದೇ ವರ್ಷ ಫೆಡರೇಷನ್ ಎಸಿಜಿ ಸಂಸ್ಥೆಯೊಂದಿಗೆ ಸೇರಿ ಮತ್ತೊಂದು ವೃತ್ತಿಪರ ಲೀಗನ್ನು ಘೋಷಿಸಿತು.

ಹತ್ತು ವರ್ಷದಲ್ಲಿ ಬೆಂಗಳೂರಿನ ಅಭಿಮಾನಿಗೆ ಬೀಸ್ಟ್, ಮಚಾಸ್, ಕಿಂಗ್ಸ್ ಎಂದು ಮೂರು ಹೆಸರು ಸಿಕ್ಕವು, ತನ್ನದು ಎಂದು ಹೇಳಿಕೊಳ್ಳುವ ಒಂದು ತಂಡ ಸಿಗಲಿಲ್ಲ. ಲೀಗನ್ನು ವಿರೋಧಿಸುವವರಿಗೆ ಇಷ್ಟೇ ಸಾಕಾಗುತ್ತದೆ. ನನಗೆ ಸಾಕಾಗುವುದಿಲ್ಲ. ಏಕೆಂದರೆ ಈ ಅರೆಬರೆ ಪ್ರಯತ್ನಗಳೂ ಕೆಲವರ ಬದುಕನ್ನು ನಿಜವಾಗಿ ಬದಲಿಸಿವೆ.

ಅಮೃತ್‌ಪಾಲ್ ಸಿಂಗ್ ಅವರನ್ನು ನೋಡಿ. ಪಂಜಾಬಿನ ಗಡಿಭಾಗದ ಹಳ್ಳಿಯ ರೈತನ ಮಗ, ಹದಿನೆಂಟರವರೆಗೂ ಹೊಲದ ಕೆಲಸ, ಕಬಡ್ಡಿ. ಬಾಸ್ಕೆಟ್‌ಬಾಲ್ ಹಿಡಿದದ್ದು ಆಮೇಲೆ. ಜಪಾನಿನಲ್ಲಿ ಆಡಿದರು, ಯುಬಿಎಯಲ್ಲಿ ಆಡಿದರು, 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಸೇರಿ ಆ ದೇಶದ ಎನ್‌ಬಿಎಲ್‌ನಲ್ಲಿ ಆಡಿದ ಮೊದಲ ಭಾರತೀಯರಾದರು. ಅದೇ ವರ್ಷ ಅಮ್ಜ್ಯೋತ್ ಸಿಂಗ್ ಅಮೆರಿಕದ ಜಿ ಲೀಗಿನ ಒಕ್ಲಹೋಮಾ ಸಿಟಿ ಬ್ಲೂ ತಂಡಕ್ಕೆ ಆಯ್ಕೆಯಾದರು. ವಾರಾಣಸಿಯ ವಿಶೇಷ್ ಭೃಗುವಂಶಿ ಅಡಿಲೇಡ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು. ಇವರೆಲ್ಲ 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನು ಅದರ ನೆಲದಲ್ಲೇ 65-58ರಿಂದ ಸೋಲಿಸಿದ ಪೀಳಿಗೆ. ಹೊರಗಿನ ತಂಡದ ಕೋಚ್ ಒಬ್ಬ ಆಟಗಾರನನ್ನು ಅಳೆಯಲು ವರ್ಷಕ್ಕೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ಸಾಲದು. ವಾರಕ್ಕೆರಡು ಪಂದ್ಯ, ಕ್ಯಾಮೆರಾ, ಅಂಕಿಅಂಶ ಬೇಕು. ಅದನ್ನು ಕೊಡಬಲ್ಲದ್ದು ಲೀಗ್ ಒಂದೇ.

ಲೀಗಿನ ಪರವಾದ ಇನ್ನೊಂದು ವಾದ ಇನ್ನೂ ಗಟ್ಟಿಯಾದದ್ದು. ಈ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನ ಗುರಿ ಕ್ರೀಡಾ ಕೋಟಾದ ನೌಕರಿ: ರೈಲ್ವೆ, ಓಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಸೇನೆ, ಆದಾಯ ತೆರಿಗೆ ಇಲಾಖೆ. ನೌಕರಿ ಸಿಕ್ಕ ದಿನವೇ ಹಲವರ ಆಟ ಬೆಳೆಯುವುದು ನಿಲ್ಲುತ್ತದೆ. ಅವರನ್ನು ದೂಷಿಸುವ ಹಾಗಿಲ್ಲ. ಅದಕ್ಕಿಂತ ಮೇಲೆ ಹತ್ತಲು ಇನ್ನೊಂದು ಮೆಟ್ಟಿಲು ಇಲ್ಲ. ಭಾರತದ ಪುರುಷರು ಒಲಿಂಪಿಕ್ಸ್ ಆಡಿದ್ದು 1980ರ ಮಾಸ್ಕೋದಲ್ಲಿ, ಒಮ್ಮೆ ಮಾತ್ರ. 2025ರ ಏಷ್ಯಾ ಕಪ್‌ನಲ್ಲಿ ಜೋರ್ಡಾನ್ ವಿರುದ್ಧ ಪಂದ್ಯವನ್ನು ಓವರ್‌ಟೈಮ್‌ವರೆಗೆ ಎಳೆದು ಸೋತರು. ಉಳಿದ ಎರಡನ್ನೂ ಸೋತು ಮನೆಗೆ ಬಂದರು. ಕೊನೆಯ ಐದು ನಿಮಿಷದಲ್ಲಿ ಕೈಬಿಡುವ ತಂಡಕ್ಕೆ ಬೇಕಾದದ್ದು ಬಿಗಿಯಾದ ಪಂದ್ಯಗಳ ಅಭ್ಯಾಸ. ಅಭ್ಯಾಸ ಶಿಬಿರದಲ್ಲಿ ಅದು ದಕ್ಕುವುದಿಲ್ಲ.

ಜಪಾನಿನ ಉದಾಹರಣೆ ಈ ಪಕ್ಷದ ದೊಡ್ಡ ಬಲ. ಅಲ್ಲಿಯೂ ಎರಡು ಪ್ರತಿಸ್ಪರ್ಧಿ ಲೀಗುಗಳಿದ್ದವು, ಜಗಳವಿತ್ತು. ಬೇಸತ್ತ ಫಿಬಾ 2014ರ ಕೊನೆಯಲ್ಲಿ ಜಪಾನನ್ನೇ ಅಮಾನತು ಮಾಡಿತು. ಫುಟ್‌ಬಾಲಿನ ಜೆ.ಲೀಗ್ ಕಟ್ಟಿದ ಸಬುರೊ ಕವಾಬುಚಿ ಅವರನ್ನು ಕರೆತಂದು ಎರಡನ್ನೂ ಒಂದು ಮಾಡಿಸಿದರು. 2016ರಲ್ಲಿ ಬಿ.ಲೀಗ್ ಶುರುವಾಯಿತು. 2023ರ ವಿಶ್ವಕಪ್‌ನಲ್ಲಿ ಏಷ್ಯಾದ ತಂಡಗಳಲ್ಲೆಲ್ಲ ಮುಂದೆ ನಿಂತ ಜಪಾನ್ ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆಯಿತು. ಏಳು ವರ್ಷ. ಫಿಲಿಪೀನ್ಸ್‌ನಲ್ಲಿ 1975ರಿಂದ, ಚೀನಾದಲ್ಲಿ 1995ರಿಂದ ವೃತ್ತಿಪರ ಲೀಗ್ ನಡೆಯುತ್ತಿದೆ. ಈ ದೇಶಗಳ ಎದುರು ನಾವು ರಜೆ ಹಾಕಿ ಬಂದ ನೌಕರರ ತಂಡ ಕಳಿಸಿ ಗೆಲುವು ಕೇಳುವುದು ಆಟಗಾರರಿಗೆ ಮಾಡುವ ಅನ್ಯಾಯ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಲೊಕ್ಕನಹಳ್ಳಿಯ ಆ ಎತ್ತರದ ಹುಡುಗನಿಗೆ ಇಪ್ಪತ್ತೆರಡು ವಯಸ್ಸಾಗಿದೆ ಎಂದಿಟ್ಟುಕೊಳ್ಳಿ. ಹೇಗೋ ಆಟ ಕಲಿತಿದ್ದಾನೆ. ಒಂದು ಕೈಯಲ್ಲಿ ರೈಲ್ವೆಯ ಕ್ರೀಡಾ ಕೋಟಾದ ಕರೆ, ಇನ್ನೊಂದು ಕೈಯಲ್ಲಿ ಲೀಗಿನ ಒಪ್ಪಂದ. ಒಪ್ಪಂದದ ಮೊತ್ತ ದೊಡ್ಡದು. ಅವನ ಅಪ್ಪ ಕೇಳುವ ಪ್ರಶ್ನೆ ಏನಿರುತ್ತದೆ ಎಂದು ಈ ಸೀಮೆಯಲ್ಲಿ ಬೆಳೆದ ಯಾರಾದರೂ ಹೇಳಬಲ್ಲರು: ‘ಎಷ್ಟ್ ವರ್ಸ ಆಡುಸ್ತರಂತೆ ಮಗ? ಆಮೇಕೆ ಏನ್ ಮಾಡೀಯೆ?’ ಮಳೆ ನಂಬಿ ಜೋಳ, ರಾಗಿ ಬೆಳೆಯುವ, ಬೆಳೆದದ್ದರಲ್ಲಿ ಆನೆ, ಹಂದಿಯ ಪಾಲು ಕಳೆದು ಉಳಿದದ್ದನ್ನು ಮಾರುವ ಮನೆಗೆ ತಿಂಗಳ ಸಂಬಳ ಎಂಬುದು ಏನೆಂದು ಆ ಅಪ್ಪನಿಗೆ ಗೊತ್ತು. ಯುಬಿಎಯನ್ನು ನಂಬಿ ನೌಕರಿಗೆ ಬೆನ್ನು ಮಾಡಿದವನಿಗೆ 2018ರಲ್ಲಿ ಯಾರು ಉತ್ತರ ಕೊಡಬೇಕಿತ್ತು? ಲೀಗ್ ಸೋತಾಗ ಹಣ ಹಾಕಿದವರು ಬೇರೆ ವ್ಯವಹಾರಕ್ಕೆ ಹೋಗುತ್ತಾರೆ, ಟಿವಿಯವರು ಬೇರೆ ಆಟ ತೋರಿಸುತ್ತಾರೆ. ಕಾಲು ಬತ್ತುತ್ತಿರುವ ಇಪ್ಪತ್ತಾರರ ಆಟಗಾರನಿಗೆ ಹೋಗಲು ಇನ್ನೊಂದು ಕಡೆ ಇರುವುದಿಲ್ಲ, ಕೋಟಾದ ವಯಸ್ಸೂ ಮೀರುತ್ತಿರುತ್ತದೆ.

ಇದು ಬರೀ ಹೆದರಿಕೆಯಲ್ಲ. ಕೋಟಿಗಟ್ಟಲೆ ಹಣ, ದೊಡ್ಡ ಕಂಪನಿಗಳ ಹೆಸರಿದ್ದ ಫುಟ್‌ಬಾಲಿನ ಐಎಸ್‌ಎಲ್ ಕೂಡ 2025ರ ಜುಲೈನಲ್ಲಿ, ಫೆಡರೇಷನ್ ಮತ್ತು ಲೀಗ್ ನಡೆಸುವವರ ಒಪ್ಪಂದ ಮುಗಿಯುವ ಗೊಂದಲದಲ್ಲಿ, ಮುಂದಿನ ಋತುವನ್ನು ತಡೆಹಿಡಿಯಿತು. ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತು ಮತ್ತೆ ಆಡಿದ್ದು 2024ರ ಡಿಸೆಂಬರಿನಲ್ಲಿ. ಒಬ್ಬ ಆಟಗಾರನ ಒಳ್ಳೆಯ ಕಾಲ ಪೂರ್ತಿ ಆ ಬಿಡುವಿನಲ್ಲಿ ಮುಗಿದುಹೋಗುತ್ತದೆ.

ಲೀಗಿನ ವಿರುದ್ಧ ಇನ್ನೊಂದು ಆಕ್ಷೇಪ ಬೇರಿನದು. ಪ್ರೊ ಕಬಡ್ಡಿ 2014ರಲ್ಲಿ ಬಂದು ಹಳ್ಳಿ ಹುಡುಗರನ್ನು ಮನೆಮಾತಾಗಿಸಿತು, ಬಾಸ್ಕೆಟ್‌ಬಾಲ್ ಏಕೆ ಹಾಗೆ ಮಾಡಬಾರದು ಎಂದು ಕೇಳುತ್ತಾರೆ. ಕಬಡ್ಡಿ ಲೀಗ್ ಬರುವ ಮೊದಲೇ ಆಟ ಊರೂರಿನಲ್ಲಿತ್ತು. ಬೆಳೆದು ನಿಂತ ಪೈರಿಗೆ ಅದು ಕುಡುಗೋಲು ಹಾಕಿತು. ಬಾಸ್ಕೆಟ್‌ಬಾಲಿನಲ್ಲಿ ನಾವಿನ್ನೂ ಬಿತ್ತಿಲ್ಲ. ನಮ್ಮ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಕಾಣುವುದು ಹೆಚ್ಚಾಗಿ ಕಬಡ್ಡಿ, ಖೊ-ಖೊ, ವಾಲಿಬಾಲ್, ಥ್ರೋಬಾಲ್. ಮಗು ಎಂದೂ ಮುಟ್ಟದ ಚೆಂಡಿನ ಲೀಗನ್ನು ಮೊಬೈಲಿನಲ್ಲಿ ತೋರಿಸಿದರೆ ಪ್ರೇಕ್ಷಕ ಹುಟ್ಟಬಹುದು, ಆಟಗಾರ ಹುಟ್ಟುವುದಿಲ್ಲ.

ಸತ್ನಾಮ್ ಸಿಂಗ್ ಭಮಾರಾ ಅವರ ಕಥೆಯನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿ ಎಂದು ಎಳೆಯುತ್ತಾರೆ. ಎಳೆಯಲೂಬೇಕು. ಪಂಜಾಬಿನ ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯ ಹುಡುಗ. 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಅವರನ್ನು 52ನೆಯವರಾಗಿ ಆರಿಸಿದಾಗ ಆ ಗೌರವ ಪಡೆದ ಮೊದಲ ಭಾರತೀಯ. ಆಗ ಅವರನ್ನು ಬೆಳೆಸಿದ್ದ ಲೀಗ್ ಯಾವುದೂ ಇರಲಿಲ್ಲ. ಬೆಳೆಸಿದ್ದು ಲೂಧಿಯಾನಾದ ಅಕಾಡೆಮಿ: ಹಾಸ್ಟೆಲ್, ಊಟ, ದಿನಾ ಎರಡು ಹೊತ್ತು ಅಭ್ಯಾಸ, ಒಳ್ಳೆಯ ಕೋಚ್. ಆಮೇಲೆ 2010ರಲ್ಲಿ ಅಮೆರಿಕದ ಐಎಂಜಿ ಅಕಾಡೆಮಿಗೆ ವಿದ್ಯಾರ್ಥಿವೇತನ. ಹಾಗಾದರೆ ಲೀಗಿಗಿಂತ ಹಾಸ್ಟೆಲ್ ಮೊದಲು ಎಂದು ಒಂದು ಪಕ್ಷ ಹೇಳುತ್ತದೆ, ಸರಿಯೇ. ಆದರೆ ಡ್ರಾಫ್ಟ್ ಆದ ಮೇಲೆ? ಎನ್‌ಬಿಎ ಪಂದ್ಯವೊಂದರಲ್ಲಿ ಆಡುವ ಅವಕಾಶ ಅವರಿಗೆ ಬರಲಿಲ್ಲ. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷದ ನಿಷೇಧ ಅನುಭವಿಸಿ, ಕೊನೆಗೆ ಅಮೆರಿಕದ ವೃತ್ತಿಪರ ಕುಸ್ತಿಯ ರಿಂಗಿಗೆ ಹೋದರು. ನಿಷೇಧಕ್ಕೆ ಲೀಗಿನ ಕೊರತೆಯನ್ನು ಹೊಣೆ ಮಾಡುವುದು ಸರಿಯಲ್ಲ. ಆದರೂ ಇಪ್ಪತ್ತರಿಂದ ಇಪ್ಪತ್ತೈದರವರೆಗೆ, ಏಳಡಿಯ ಒಬ್ಬ ಆಟಗಾರ ಬಲಿಯಬೇಕಾದ ವಯಸ್ಸಿನಲ್ಲಿ, ತನ್ನ ದೇಶದಲ್ಲಿ ವಾರವಾರ ಆಡುವ ಸ್ಥಿರವಾದ ಜಾಗ ಅವರಿಗೆ ಇರಲಿಲ್ಲ ಎಂಬ ಇನ್ನೊಂದು ಪಕ್ಷದ ಮಾತನ್ನು ನಾನು ತಳ್ಳಿಹಾಕಲಾರೆ. ಹಾಸ್ಟೆಲ್ ಅವರನ್ನು ಬಾಗಿಲವರೆಗೆ ತಂದಿತು. ಬಾಗಿಲಾಚೆ ನಿಲ್ಲಲು ನೆಲವಿರಲಿಲ್ಲ.

ಹಾಗಾಗಿ ‘ಮೊದಲು ಕೋರ್ಟ್, ಆಮೇಲೆ ಲೀಗ್’ ಎಂಬ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಾಗೆ ಹೇಳುತ್ತಲೇ ದಶಕಗಳು ಹೋಗಿವೆ. ಲೀಗೂ ನೆಲೆಯೂರಲಿಲ್ಲ, ಕೋರ್ಟೂ ಬರಲಿಲ್ಲ. ‘ಲೀಗ್ ಬಂದರೆ ಕೋರ್ಟ್ ತಾನಾಗಿ ಬರುತ್ತದೆ’ ಎಂಬುದನ್ನೂ ಒಪ್ಪುವುದಿಲ್ಲ. ಬೆಂಗಳೂರಿನ ಹೆಸರು ಹೊತ್ತ ಮೂರು ತಂಡಗಳು ಬಂದುಹೋದ ಕಾಲದಲ್ಲಿ ಈ ಗಡಿ ತಾಲ್ಲೂಕಿನ ಶಾಲೆಗಳ ಅಂಗಳಕ್ಕೆ ಅವುಗಳಿಂದ ಏನಾದರೂ ಇಳಿದು ಬಂತು ಎಂದು ಯಾರೂ ಹೇಳಲಾರರು. ಫ್ರಾಂಚೈಸಿಗೆ ನಗರದ ಪ್ರೇಕ್ಷಕ ಬೇಕು, ಲೊಕ್ಕನಹಳ್ಳಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಒಲವು ಎಲ್ಲಿದೆ ಎಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಲೀಗ್ ಬೇಕು. ಆದರೆ ನೌಕರಿ ಬಿಡಿಸುವ ಲೀಗ್ ಈಗಲೇ ಬೇಡ. ಇದಕ್ಕೆ ಮಾದರಿ ಕಬಡ್ಡಿಯಲ್ಲೇ ಇದೆ. ಬೆಂಗಳೂರು ಬುಲ್ಸ್ ತಂಡದಲ್ಲಿ ಮಿಂಚಿದ ಪವನ್ ಸೆಹ್ರಾವತ್ 2022ರ ಹರಾಜಿನಲ್ಲಿ 2.26 ಕೋಟಿ ರೂಪಾಯಿಗೆ ಹೋದರು. ಅವರೇ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರೈಲ್ವೆ ತಂಡದವರು. ಕೆಲವು ತಿಂಗಳು ಲೀಗ್, ಉಳಿದ ಕಾಲ ಇಲಾಖೆ. ಲೀಗ್ ನಾಳೆ ನಿಂತರೂ ಮನೆ ನಡೆಯುತ್ತದೆ. 2022ರಲ್ಲಿ ಐಎನ್‌ಬಿಎಲ್ ಅಕ್ಟೋಬರಿನಿಂದ ಜನವರಿಯವರೆಗೆ ಊರಿಂದೂರಿಗೆ ಸುತ್ತುಗಳಲ್ಲಿ ನಡೆದದ್ದನ್ನು ಸಪ್ಪೆ ಎಂದವರಿದ್ದಾರೆ. ಆಟಗಾರನ ಬದಿಯಿಂದ ನೋಡಿದರೆ ಅದು ಹೆಚ್ಚು ಕರುಣೆಯಿರುವ ರೂಪ.

ಇದಕ್ಕೆ ಎದುರುವಾದ ಇಲ್ಲದಿಲ್ಲ, ಅದು ಹಗುರವಾದದ್ದೂ ಅಲ್ಲ. ವರ್ಷಕ್ಕೆ ಮೂರು ತಿಂಗಳು ಆಡುವ ದೇಶ ವರ್ಷವಿಡೀ ಆಡುವ ದೇಶವನ್ನು ಸೋಲಿಸುವುದಿಲ್ಲ. ಕಬಡ್ಡಿಯಲ್ಲಿ ಜಗತ್ತು ನಮ್ಮನ್ನು ಹಿಡಿಯಲು ಓಡುತ್ತಿದೆ, ಬಾಸ್ಕೆಟ್‌ಬಾಲಿನಲ್ಲಿ ನಾವು ಜಗತ್ತನ್ನು ಹಿಡಿಯಲು ಓಡಬೇಕಿದೆ. ಜಪಾನಿನ ಆಟಗಾರರು ಕೂಡ ಒಂದು ಕಾಲಕ್ಕೆ ಕಂಪನಿಗಳ ನೌಕರರೇ ಆಗಿದ್ದರು; ಆ ಆಸರೆಯನ್ನು ಬಿಟ್ಟ ಮೇಲೇ ಅವರ ಆಟ ಮೇಲೆದ್ದದ್ದು. ನೌಕರಿಯ ಭದ್ರತೆಯೇ ಆಟದ ಮಿತಿಯಾಗುತ್ತದೆ ಎಂಬುದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಜಪಾನಿನಲ್ಲಿ ಆಟ ಬಿಟ್ಟವನಿಗೆ ಇನ್ನೊಂದು ಕೆಲಸ ಸಿಗುವುದು ನಮ್ಮಷ್ಟು ಕಷ್ಟವಲ್ಲ ಎಂದಷ್ಟೇ ಹೇಳಬಲ್ಲೆ. ಆ ತ್ಯಾಗವನ್ನು ಮೊದಲು ಯಾರಿಂದ ಕೇಳಬೇಕು ಎಂಬುದು ಇಲ್ಲಿಯ ಪ್ರಶ್ನೆ. ಬೆಂಗಳೂರಿನ ಎಂಜಿನಿಯರ್ ಮಗ ಎರಡು ವರ್ಷ ಲೀಗಿಗೆ ಕೊಟ್ಟು ಸೋತರೆ ಮರಳಿ ಓದಬಹುದು. ಕಾಡಂಚಿನ ಸೋಲಿಗರ ಪೋಡಿನಿಂದಲೋ ಲೊಕ್ಕನಹಳ್ಳಿಯಿಂದಲೋ ಹೋದವನಿಗೆ ಆ ಎರಡು ವರ್ಷ ಬಲು ದುಬಾರಿ.

ಪೂರ್ಣಾವಧಿಯ ಲೀಗೇ ಬೇಕೆನ್ನುವವರು ಹಾಗಿದ್ದರೆ ಎರಡು ಭರವಸೆಯನ್ನು ಕಾಗದದ ಮೇಲೆ ಕೊಡಲಿ. ಒಪ್ಪಂದ ಕನಿಷ್ಠ ಮೂರು ವರ್ಷದ್ದಿರಲಿ, ಅಷ್ಟು ಸಂಬಳದ ಹಣವನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಫೆಡರೇಷನ್ನಿನ ಬಳಿ ಠೇವಣಿ ಇಡಲಿ. ಎರಡನೆಯದು, ಲೀಗ್ ಆಡಿದ ವರ್ಷಗಳನ್ನು ಕ್ರೀಡಾ ಕೋಟಾದ ವಯೋಮಿತಿಗೆ ಸೇರಿಸುವಂತೆ ಸರ್ಕಾರಗಳನ್ನು ಒಪ್ಪಿಸಲಿ. ಇವೆರಡೂ ಆದರೆ ಆ ಅಪ್ಪನ ಪ್ರಶ್ನೆಗೆ ನಾನೇ ಮುಂದೆ ನಿಂತು ಉತ್ತರ ಕೊಟ್ಟೇನು.

ಈ ತೂಗಾಟದಲ್ಲಿ ಇನ್ನೊಂದು ತೂಕವನ್ನು ಎರಡೂ ಪಕ್ಷದವರು ಮರೆಯುತ್ತಾರೆ. ಲೀಗ್ ಎಂದರೆ ಪುರುಷರ ಲೀಗ್ ಎಂದೇ ಎಲ್ಲರ ಲೆಕ್ಕ. ಪ್ರಾಯೋಜಕರು ಅಲ್ಲಿಗೆ ಮೊದಲು ಬರುತ್ತಾರೆ, ಅದು ನೆಲೆಯೂರಿದ ಮೇಲೆ ಮಹಿಳೆಯರದ್ದು ಮಾಡೋಣ ಎಂಬ ಮಾತಿನಲ್ಲಿ ವ್ಯವಹಾರದ ನಿಜವಿದೆ. ಆದರೆ 2017ರ ಜುಲೈನಲ್ಲಿ ಇದೇ ಕಂಠೀರವದಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಎ ವಿಭಾಗಕ್ಕೆ ಏರಿದ್ದು ಮಹಿಳೆಯರ ತಂಡ. 2019ರ ಮಹಿಳಾ ಏಷ್ಯಾ ಕಪ್ ನಡೆದದ್ದೂ ಅದೇ ಅಂಗಳದಲ್ಲಿ. ಫಲಿತಾಂಶ ನೋಡಿ ಹಣ ಹಾಕುವುದಾದರೆ ಸರದಿ ತಿರುಗಬೇಕಿತ್ತು. ಕಾಗದದ ಮೇಲೆ ಭರವಸೆ ಕೇಳುವಾಗ ಮೂರನೆಯದಾಗಿ ನಾನು ಕೇಳುವುದು ಇದನ್ನು: ಪುರುಷರ ತಂಡ ಕೊಳ್ಳುವ ಪ್ರತಿ ಫ್ರಾಂಚೈಸಿ ಮೂರನೆಯ ಋತುವಿನೊಳಗೆ ಮಹಿಳಾ ತಂಡವನ್ನೂ ಕಟ್ಟಬೇಕು, ಇಲ್ಲದಿದ್ದರೆ ಪರವಾನಗಿ ಮುಂದುವರಿಯಬಾರದು. ಅಲ್ಲಿಯವರೆಗೆ ಲೊಕ್ಕನಹಳ್ಳಿಯಲ್ಲಿ ಎತ್ತರಕ್ಕೆ ಬೆಳೆದ ಹುಡುಗಿಯ ಮುಂದೆ ಇರುವುದು ಒಂದೇ ದಾರಿ. ಕ್ರೀಡಾ ಇಲಾಖೆಯ ವಸತಿ ನಿಲಯಕ್ಕೆ ಆಯ್ಕೆ ನಡೆಯುವ ದಿನ ಯಾವುದೆಂದು ಅವಳ ಪಿಟಿ ಮೇಷ್ಟ್ರಿಗೆ ಮೊದಲೇ ಗೊತ್ತಿರಬೇಕು, ಅಂದು ಬೆಳಿಗ್ಗೆ ಯಾರಾದರೂ ಅವಳನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಬೇಕು.